ಬ್ಯಾರಕ್ಕೇ ಊರಾದಾಗ

ಕಲ್ಯಾಣದಲ್ಲಿ ನೆಲಸಿ ಹಲವು ವರ್ಷಗಳಾದರೂ, ಎರಡೇ ನಿಲ್ದಾಣ ಆಚೆಗಿರುವ ಉಲ್ಹಾಸನಗರವನ್ನು ಬಟ್ಟೆಯ ಪೇಟೆಯೆಂದಷ್ಟೇ ನಾನು ಬಲ್ಲವನಾಗಿದ್ದೆ. ಮೊನ್ನೆ ಪರಿಚಿತ ದರ್ಜಿಯೊಬ್ಬರ ಮನೆಗೆ ಹೋಗುವ ಪ್ರಸಂಗ ಒದಗಿತು. ವಿಳಾಸದಲ್ಲಿ ಬೀದಿಯ ಹೆಸರಿಲ್ಲ; ಇಷ್ಟನೆಯ ಕ್ಯಾಂಪು, ಇಷ್ಟನೆಯ ಬ್ಯಾರಕ್ಕು ಎಂದಷ್ಟೇ. ಸಂಸಾರವಂದಿಗರ ಊರಿಗೆ ಈ ದಂಡಿನ ಲೆಕ್ಕವೇಕೆಂದು ಸೋಜಿಗವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿದ್ದುದು ಸೈನಿಕರು ತಂಗಿ ಮುಂದಕ್ಕೆ ಸಾಗುವ ಬಿಡಾರ. ಯುದ್ಧ ಮುಗಿದು ಅವರು ತೆರಳಿದ ಮೇಲೆ ಉದ್ದನೆಯ ಬ್ಯಾರಕ್ಕುಗಳು ಬರಿದಾದವು. 1947ರಲ್ಲಿ ದೇಶ ಇಬ್ಭಾಗವಾದಾಗ ಸಿಂಧ್ ಪ್ರಾಂತವು ಪಂಜಾಬ ಬಂಗಾಳಗಳಂತೆ ಹಂಚಿಹೋಗಲಿಲ್ಲ. ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಇತ್ತ ಬಂದ ಸಿಂಧಿಗಳಿಗೆ ತಮ್ಮದೆನ್ನುವ ಪ್ರಾಂತವೇ ಉಳಿಯಲಿಲ್ಲ. ಅವರಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಈ ಬ್ಯಾರಕ್ಕುಗಳೇ ಆಸರೆಯಾದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಶಿಲಾನ್ಯಾಸ ಮಾಡಿದರು. ಪಕ್ಕದ ಉಲ್ಹಾಸ ನದಿಯ ಹೆಸರು ಊರಿಗಾಯಿತು.

“ಆಗ ನಾನು ಐದು ವರ್ಷದ ಹುಡುಗ,” ಎಂದರು ದರ್ಜಿಯ ತಂದೆ. “ಒಂದೇ ಮಾಡಿನಡಿ ಹಲವು ಸಂಸಾರ, ನಡುವೆ ಗೋಣಿತಟ್ಟಿನ ಪರದೆ. ಅತ್ತ ಮುದುಕಿ ಕೆಮ್ಮಿದರೆ ಇತ್ತಲಿಂದ ನಮ್ಮಮ್ಮ ಬಿಸಿನೀರು ಚಾಚುವಳು. ಜಗಳಕ್ಕೂ ಮರೆಯಿಲ್ಲವೆಂದು ಅಳುತ್ತಿದ್ದವಳೂ ಅವಳೇ. ಕೊನೆಗೆ ಅಪ್ಪ ಇಟ್ಟಿಗೆಯ ಗೋಡೆ ಎತ್ತಿಸಿದರು. ಆ ರಾತ್ರಿ ಅವಳಿಗೆ ನಿದ್ದೆಯಿಲ್ಲ. ಮುದುಕಿಯ ಕೆಮ್ಮು ಕೇಳಿಸದೆಂದು ಬೆಳಗಿನ ತನಕ ಗೋಡೆಗೆ ಕಿವಿಯಿಟ್ಟು ಕೂತಿದ್ದಳು.”

ಈಗ ಮಗ ಆ ಗೋಡೆ ಕೆಡವಿ ಮಹಡಿ ಕಟ್ಟಬೇಕೆನ್ನುತ್ತಾರೆ. ಅವರದು ತಪ್ಪೆನ್ನುವಂತಿಲ್ಲ: ಆರು ಜನ, ಎರಡು ಕೋಣೆ, ಮಳೆಗಾಲದಲ್ಲಿ ಸೋರುವ ಮಾಡು. ವೃದ್ಧರು ಬೇಡವೆನ್ನಲೂ ಆರರು, ಹೂಂ ಎನ್ನಲೂ ಆರರು. ಬಹಳ ಹೊತ್ತಿನ ಮೇಲೆ ನುಡಿದರು: “ಒಂದು ಮನೆ ಬಿಟ್ಟು ಬಂದೆವು. ಅದು ಬಿದ್ದುದನ್ನು ಕಣ್ಣಾರೆ ಕಾಣಲಿಲ್ಲ. ಇದನ್ನು ಕಾಣಬೇಕಾಗಿದೆ.”

ನಾನೂ ಊರು ಬಿಟ್ಟವನೇ, ಆದರೆ ಹೊಟ್ಟೆಪಾಡಿಗಾಗಿ. ಮನಸ್ಸಾದಾಗ ಧಾರವಾಡದ ಗಾಡಿ ಹತ್ತಬಲ್ಲೆ. ಈ ಹಿರಿಯರಿಗೆ ಅಂಥ ಗಾಡಿಯೊಂದಿಲ್ಲ. ಸಮಾಧಾನದ ಮಾತು ಹೇಳಹೊರಟು, ನಾಚಿ ಸುಮ್ಮನಾದೆ.

ಹೊರಡುವಾಗ ಬಾಗಿಲ ಮೇಲಿನ ಬ್ಯಾರಕ್ಕಿನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದೆ. ದಂಡಿನ ಲೆಕ್ಕಕ್ಕೆಂದು ಹುಟ್ಟಿದ ಕ್ರಮ. ಒಂದು ಸಂಸಾರಕ್ಕೆ ಅದೇ ಮನೆಯ ಹೆಸರಾಗಿದೆ. ಹೊಸ ಮನೆಗೂ ಅದನ್ನೇ ಬರೆಸುವೆನೆಂದು ಮಗ ಹೇಳಿದರು. ಅದನ್ನು ಕೇಳಿ ವೃದ್ಧರು ಮೊದಲ ಸಲ ತಲೆಯಾಡಿಸಿದರು.