ಉಪ್ಪಿನ ಕಣಕ್ಕೆ ಜಿಡ್ಡಿನ ಹೊದಿಕೆ

ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಉಪ್ಪು ನೀರಾಡುತ್ತದೆ, ನಿಮಗೆ ಗೊತ್ತು. ಆ ನೀರು ಗಾಳಿಯಿಂದ ಬಂದದ್ದೆಂದು ಮಕ್ಕಳಿಗೆ ಗೊತ್ತೇ?

ಸಮುದ್ರದ ಮೇಲೂ ಇದೇ ನಡೆಯುತ್ತದೆ. ಅಲೆಯ ನೊರೆಗುಳ್ಳೆಗಳು ಒಡೆದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಹಾರುತ್ತವೆ. ಅವು ಒಣಗಿದರೆ ಉಪ್ಪಿನ ಕಣ ಉಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ಮುಟ್ಟಿದರೆ ಶುದ್ಧ ಸೋಡಿಯಂ ಕ್ಲೋರೈಡ್ ಕಣವು ನೀರು ಹೀರಿ ಕರಗಿ ಹನಿಯಾಗುತ್ತದೆ. ಮೋಡದ ಹನಿಗಳು ಕಟ್ಟುವುದು ಇಂಥ ಕಣಗಳ ಮೇಲೂ ಹೌದು.

ಆದರೆ ಕಡಲಿನ ಕಣ ಬರಿಯ ಉಪ್ಪಲ್ಲ. ಪಾಚಿ, ಸೂಕ್ಷ್ಮಜೀವಿಗಳಿಂದ ಬಂದ ಜಿಡ್ಡೂ ಅದಕ್ಕೆ ಅಂಟಿರುತ್ತದೆ. ಒತ್ತಾದ ಜಿಡ್ಡಿನ ಪದರ ನೀರು ಒಳಗೆ ಹೋಗುವುದನ್ನು ನಿಧಾನ ಮಾಡಬಹುದು. ಅದೇ ಜಿಡ್ಡು ಸೋಪಿನಂತೆ ಮೇಲ್ಮೈ ಎಳೆತವನ್ನು ತಗ್ಗಿಸಿ ಮೋಡದ ಹನಿ ಬೆಳೆಯಲು ನೆರವಾಗುವುದೂ ಉಂಟು. ಮೋಡದ ಲೆಕ್ಕ ಕಠಿಣವಾಗುವುದಕ್ಕೆ ಇದೂ ಒಂದು ಕಾರಣ.

ಈ ಮಳೆಗಾಲ ಎರಡು ತಟ್ಟೆಗಳಲ್ಲಿ ಸಮವಾಗಿ ಕಲ್ಲುಪ್ಪು ಇಡಿಸಿ. ಒಂದಕ್ಕೆ ಕೊಬ್ಬರಿ ಎಣ್ಣೆ ಸವರಿಸಿ. ತಮಿಳಿನಲ್ಲಿ ಓದುವ ಪಕ್ಕದ ಮನೆಯ ಮಗುವನ್ನೂ ಕರೆಯಿರಿ. ಯಾವ ತಟ್ಟೆ ಮೊದಲು ಒದ್ದೆಯಾಯಿತು, ಏಕೆ ಎಂದು ಮಕ್ಕಳೇ ಬರೆಯಲಿ. ಉತ್ತರವನ್ನು ನೀವು ಮಾತ್ರ ಹೇಳಬೇಡಿ.