ಬೆಣಚುಕಲ್ಲಿನ ಎರಡು ರೂಪಗಳು

ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಏರುವಾಗ ದಾರಿಯ ಬದಿಯ ಬಂಡೆಗಳನ್ನು ನಿಂತು ನೋಡುವವರು ವಿರಳ. ಅವು ಗ್ರಾನೈಟ್ ಶಿಲೆಗಳು. ಹತ್ತಿರದಿಂದ ದಿಟ್ಟಿಸಿದರೆ ತಿಳಿಗೆಂಪು ಫೆಲ್ಡ್‌ಸ್ಪಾರ್, ಕಪ್ಪು ಖನಿಜಗಳು, ಇವುಗಳ ನಡುವೆ ಗಾಜಿನಂತೆ ಮಿನುಗುವ ಬೂದುಬಣ್ಣದ ಕಣಗಳು ಕಾಣುತ್ತವೆ. ಈ ಕಣಗಳೇ ಬೆಣಚು. ವಿಜ್ಞಾನಿಗಳು ಇದನ್ನು ಕ್ವಾರ್ಟ್ಸ್ ಎನ್ನುತ್ತಾರೆ.

ಕಲ್ಲೆಂದರೆ ಬದಲಾಗದ ವಸ್ತುವೆಂದೇ ನಮ್ಮ ಭಾವನೆ. ಆದರೆ ಬೆಣಚನ್ನು ಕಾಯಿಸುತ್ತ ಹೋದರೆ, 573 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಕರಗದೆಯೇ, ಒಂದು ಪರಮಾಣುವನ್ನೂ ಕಳೆದುಕೊಳ್ಳದೆಯೇ ಬೇರೊಂದು ಬಗೆಯ ಸ್ಫಟಿಕವಾಗಿಬಿಡುತ್ತದೆ! ತಣಿಸಿದರೆ ಮತ್ತೆ ಹಳೆಯ ರೂಪಕ್ಕೆ ಮರಳುತ್ತದೆ. ಫ್ರಾನ್ಸ್ ದೇಶದ ಲ ಶಾಟೆಲಿಯೆ 1889ರಲ್ಲಿ ಇದನ್ನು ಗುರುತಿಸಿದನು.

ಈ ಸೋಜಿಗದ ಕಾರಣ ಸ್ಫಟಿಕದ ಒಳರಚನೆಯಲ್ಲಿದೆ. ಅಲ್ಲಿ ಒಂದೊಂದು ಸಿಲಿಕಾನ್ ಪರಮಾಣುವನ್ನೂ ನಾಲ್ಕು ಆಮ್ಲಜನಕ ಪರಮಾಣುಗಳು ಸುತ್ತುವರಿದು ನಾಲ್ಕು ಮೂಲೆಗಳ ಪುಟ್ಟ ಘಟಕವೊಂದು ಏರ್ಪಟ್ಟಿರುತ್ತದೆ. ಪ್ರತಿ ಮೂಲೆಯೂ ಪಕ್ಕದ ಘಟಕದ ಮೂಲೆಯೂ ಹೌದು. ಹೀಗೆ ಮೂಲೆಗೆ ಮೂಲೆ ಕೂಡಿ ದೊಡ್ಡದೊಂದು ಚೌಕಟ್ಟು ನಿರ್ಮಾಣವಾಗುತ್ತದೆ. ಘಟಕಗಳು ಬಲು ಗಟ್ಟಿ. ಅವು ಸೇರುವ ಮೂಲೆಗಳು ಮಾತ್ರ ಬಾಗಿಲ ಕೀಲುಗಳಂತೆ ಬಾಗಬಲ್ಲವು. ಸಾಮಾನ್ಯ ಉಷ್ಣತೆಯಲ್ಲಿ ಘಟಕಗಳೆಲ್ಲ ಒಂದು ಕ್ರಮದಲ್ಲಿ ಓರೆಯಾಗಿ ವಾಲಿರುತ್ತವೆ. ಕಾವು ಏರಿದಂತೆ ಆ ಓರೆ ಕಡಿಮೆಯಾಗುತ್ತದೆ, ಚೌಕಟ್ಟು ಹಿಗ್ಗುತ್ತದೆ. 573 ಡಿಗ್ರಿಯನ್ನು ದಾಟಿದ ಮೇಲೆ ಸರಾಸರಿಯಲ್ಲಿ ಓರೆಯೇ ಉಳಿಯುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರೂ ಟಿ. ಎಂ. ಕೆ. ನೆಡುಂಗಾಡಿ ಅವರೂ ಈ ಮಾರ್ಪಾಟನ್ನು ಬೆಳಕಿನ ನೆರವಿನಿಂದ ಪರೀಕ್ಷಿಸಿದರು. ಕಾದ ಬೆಣಚಿನಿಂದ ಚದರಿದ ಬೆಳಕಿನ ರೋಹಿತದಲ್ಲಿ ಹಲವು ರೇಖೆಗಳಿರುತ್ತವೆ. ಮೂಲ ಬೆಳಕಿನ ರೇಖೆಯಿಂದ ಅವು ಎಷ್ಟು ದೂರದಲ್ಲಿವೆ ಎಂಬುದು ಪರಮಾಣುಗಳ ಕಂಪನದ ವೇಗವನ್ನು ತಿಳಿಸುತ್ತದೆ. ಉಳಿದ ರೇಖೆಗಳಿಗಿಂತ ಭಿನ್ನವಾಗಿ ಒಂದು ರೇಖೆ ಮಾತ್ರ, ಕಾವು ಏರಿದಂತೆ ಅಗಲವಾಗಿ, ಮಸುಕಾಗಿ, ಮೂಲ ರೇಖೆಯ ಕಡೆಗೆ ಹರಡಿತು. ಸ್ಫಟಿಕವನ್ನು ಹೊಸ ರೂಪಕ್ಕೆ ಒಯ್ಯುವುದರಲ್ಲಿ ಈ ಕಂಪನದ ಪಾತ್ರ ವಿಶೇಷವಾದುದೆಂದು 1940ರಲ್ಲಿ ಅವರು ಪ್ರಕಟಿಸಿದರು. ಇಂಥ ಕಂಪನಗಳ ಸಿದ್ಧಾಂತವನ್ನು ಕಾಕ್ರನ್ ಎಂಬ ವಿಜ್ಞಾನಿ ರೂಪಿಸಿದ್ದು 1960ರಲ್ಲಿ. ಆ ರೇಖೆಯ ವರ್ತನೆ ಮೊದಲು ತೋರಿದಷ್ಟು ಸರಳವಲ್ಲವೆಂದು ಮುಂದೆ ತಿಳಿದುಬಂದಿತಾದರೂ ದಾರಿಯನ್ನು ಮೊದಲು ಕಂಡವರು ಬೆಂಗಳೂರಿನವರೇ.

ಜೇಡಿಮಣ್ಣಿನಲ್ಲಿಯೂ ಬೆಣಚಿನ ಪುಡಿ ಬೆರೆತಿರುತ್ತದೆ. ತಣಿಯುವಾಗ 573 ಡಿಗ್ರಿಯ ಬಳಿ ಅದು ಥಟ್ಟನೆ ಕುಗ್ಗುವುದರಿಂದ, ಆವಿಗೆಯನ್ನು ಅವಸರದಲ್ಲಿ ತೆರೆದರೆ ಮಡಕೆ ಬಿರಿಯಬಹುದು.

ಗಡಿಯಾರದ ಬೆಣಚಿಗೆ ಒದಗುವ ಕೇಡು ಇನ್ನೂ ಸೂಕ್ಷ್ಮವಾದುದು. ಮಿತಿ ಮೀರಿ ಕಾದು ತಣಿದ ಸ್ಫಟಿಕದಲ್ಲಿ ಘಟಕಗಳು ಎರಡು ದಿಕ್ಕುಗಳಲ್ಲಿ ಯಾವ ಕಡೆಗಾದರೂ ವಾಲಬಹುದು. ಕೆಲವು ಭಾಗ ಒಂದು ಕಡೆಗೂ ಕೆಲವು ಭಾಗ ಮತ್ತೊಂದು ಕಡೆಗೂ ವಾಲಿದರೆ, ಒತ್ತಿದಾಗ ಆ ಭಾಗಗಳಲ್ಲಿ ಹುಟ್ಟುವ ವಿದ್ಯುತ್ತು ಪರಸ್ಪರ ವಿರುದ್ಧವಾಗುತ್ತದೆ. ಕಣ್ಣಿಗೆ ಮೊದಲಿನಂತೆಯೇ ತಿಳಿಯಾಗಿ ಹೊಳೆಯುತ್ತಿದ್ದರೂ ಆ ಹರಳು ಗಡಿಯಾರಕ್ಕೆ ಒದಗುವುದಿಲ್ಲ.