ನಿಧನ ವಾರ್ತೆಗಳೇ ಚರಿತ್ರೆಯಾದ ಪತ್ರಿಕೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1971ರ ಏಪ್ರಿಲ್ 1ರಂದು ಆರಂಭವಾದ ‘ಬೇ ಏರಿಯಾ ರಿಪೋರ್ಟರ್’, ಲೈಂಗಿಕ ಅಲ್ಪಸಂಖ್ಯಾತರ, ಅಂದರೆ ಸಲಿಂಗಿ, ದ್ವಿಲಿಂಗಿ ಮತ್ತು ಲಿಂಗಪರಿವರ್ತಿತ ಸಮುದಾಯಗಳ ಪತ್ರಿಕೆಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಕೆಲವೇ ಪತ್ರಿಕೆಗಳಲ್ಲೊಂದು. ಬಾಬ್ ರಾಸ್ ಮತ್ತು ಪಾಲ್ ಬೆಂಟ್ಲಿ ಅದರ ಸ್ಥಾಪಕರು. ಸಲಿಂಗ ಸಂಬಂಧವು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇನ್ನೂ ಶಿಕ್ಷಾರ್ಹವಾಗಿದ್ದ, ಅದನ್ನು ಅಪರಾಧಗಳ ಪಟ್ಟಿಯಿಂದ ಕೈಬಿಡುವ ಮಸೂದೆಗೆ 1975ರವರೆಗೂ ಕಾಯಬೇಕಾಗಿದ್ದ ದಿನಗಳವು. ಆದ್ದರಿಂದ ಈ ಜನ ನಿರ್ಭಯವಾಗಿ ಒಟ್ಟುಗೂಡುತ್ತಿದ್ದ ಬಾರುಗಳೇ ಪತ್ರಿಕೆಗೆ ವಿತರಣಾ ಕೇಂದ್ರಗಳೂ ಜಾಹೀರಾತಿನ ಮೂಲಗಳೂ ಆದವು. ಬಾರಿನ ಬಾಗಿಲ ಬಳಿ ಇಟ್ಟ ಕಟ್ಟಿನಿಂದ ಓದುಗರು ಒಂದು ಪ್ರತಿಯನ್ನು ಬಿಟ್ಟಿಯಾಗಿ ಎತ್ತಿಕೊಂಡು ಹೋಗುತ್ತಿದ್ದರು. ಆರಂಭದ ವರ್ಷಗಳಲ್ಲಿ ಅದು ಮುಖ್ಯವಾಗಿ ಸಲಿಂಗಿ ಪುರುಷರ ಪತ್ರಿಕೆಯೇ ಆಗಿತ್ತೆಂಬುದನ್ನೂ, ಬಾರಿನ ಹರಟೆ ಮತ್ತು ಒಳಸುದ್ದಿಗಳು ಅದರಲ್ಲಿ ಧಾರಾಳವಾಗಿ ಜಾಗ ಪಡೆದಿದ್ದವೆಂಬುದನ್ನೂ ಮುಚ್ಚಿಡಬೇಕಿಲ್ಲ.

ಹರಟೆಯ ನಡುವೆಯೇ ರಾಜಕೀಯವೂ ಬೆಳೆಯಿತು. ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟುಕೊಂಡಿದ್ದ ಹಾರ್ವಿ ಮಿಲ್ಕ್ ಈ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಲೇ ಮತದಾರರಿಗೆ ಪರಿಚಿತರಾಗಿ, 1977ರಲ್ಲಿ ನಗರದ ಆಡಳಿತ ಮಂಡಳಿಗೆ ಆಯ್ಕೆಯಾದರು. ಮರುವರ್ಷ ನವೆಂಬರ್ 27ರಂದು ನಗರ ಸಭಾಭವನದಲ್ಲೇ ಗುಂಡೇಟಿಗೆ ಬಲಿಯಾದರು.

ಪತ್ರಿಕೆಯ ನಿಜವಾದ ಚರಿತ್ರೆ ಇರುವುದು ಇದಾದ ನಂತರದ ಎರಡು ದಶಕಗಳಲ್ಲಿ, ಅದೂ ಸಂಪಾದಕೀಯಗಳಲ್ಲಿ ಅಲ್ಲ, ಒಳಪುಟದ ನಿಧನ ವಾರ್ತೆಗಳಲ್ಲಿ. 1981ರಲ್ಲಿ ವೈದ್ಯರ ಗಮನಕ್ಕೆ ಬಂದು ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯನ್ನು ಎದುರಿಸುವಲ್ಲಿ ಪತ್ರಿಕೆ ಮೊದಲಿಗೆ ತಡವರಿಸಿತು. ಪುರುಷರು ಲೈಂಗಿಕ ಸಂಪರ್ಕಕ್ಕಾಗಿ ಸೇರುತ್ತಿದ್ದ ‘ಸ್ನಾನಗೃಹ’ಗಳೆಂಬ ವಾಣಿಜ್ಯ ತಾಣಗಳನ್ನು ಮುಚ್ಚಿಸಬೇಕೆಂಬ ವಾದ 1984ರಲ್ಲಿ ಕಾವೇರಿದಾಗ ಅದು ಮುಚ್ಚುವುದನ್ನು ವಿರೋಧಿಸಿತು. ಅಷ್ಟು ಕಷ್ಟಪಟ್ಟು ಗಳಿಸಿದ ಸ್ವಾತಂತ್ರ್ಯದ ಮೇಲೆ ಸರ್ಕಾರ ಮತ್ತೆ ಕೈಯಿಡುತ್ತದೆಂಬ ಭಯ ಸುಳ್ಳೇನೂ ಆಗಿರಲಿಲ್ಲ. ಆದರೆ ಆ ತಾಣಗಳು ಜಾಹೀರಾತುದಾರರೂ ಆಗಿದ್ದವೆಂಬುದನ್ನು ಬದಿಗಿಟ್ಟು ಆ ನಿಲುವನ್ನು ಅಳೆಯಲಾಗದು.

ಕನ್ನಡ ದಿನಪತ್ರಿಕೆಗಳ ಓದುಗರಿಗೆ ಪರಿಚಿತವಾದ, ಕುಟುಂಬದವರು ಹಣ ತೆತ್ತು ಹಾಕಿಸುವ ‘ಭಾವಪೂರ್ಣ ಶ್ರದ್ಧಾಂಜಲಿ’ಗಿಂತ ಇಲ್ಲಿನ ನಿಧನ ವಾರ್ತೆ ತೀರ ಬೇರೆ ಬಗೆಯದು. ತೀರಿಕೊಂಡವರ ಹುಟ್ಟೂರಿನ ಪತ್ರಿಕೆಗೆ ತಂದೆತಾಯಿ ಕಳುಹಿಸುತ್ತಿದ್ದ ಸುದ್ದಿಯಲ್ಲಿ ಕಾಯಿಲೆಯ ಹೆಸರು ‘ದೀರ್ಘಕಾಲದ ಅನಾರೋಗ್ಯ’ವಾಗಿ ಬದಲಾಗುವುದು, ವರ್ಷಗಟ್ಟಲೆ ಜೊತೆಗೆ ಬಾಳಿ ಕೊನೆಯವರೆಗೂ ಆರೈಕೆ ಮಾಡಿದ ಸಂಗಾತಿಯ ಹೆಸರು ಬಿಟ್ಟೇಹೋಗುವುದು ಸಾಮಾನ್ಯವಾಗಿತ್ತು. ಹಾಗೆ ಬಿಟ್ಟುಹೋದದ್ದೆಲ್ಲ ಸೇರುತ್ತಿದ್ದುದು ಬೇ ಏರಿಯಾ ರಿಪೋರ್ಟರಿನ ಪುಟಕ್ಕೆ. ಅಂಚೆಚೀಟಿಗಿಂತ ತುಸು ದೊಡ್ಡದಾದ, ಮುಖವಷ್ಟೇ ಉಳಿಯುವಂತೆ ಕತ್ತರಿಸಿದ ಒಂದು ಭಾವಚಿತ್ರ; ಅದರ ಕೆಳಗೆ ಹುಟ್ಟಿದೂರು, ಮಾಡುತ್ತಿದ್ದ ಕೆಲಸ, ಸಂಗಾತಿ ಮತ್ತು ಗೆಳೆಯರ ಹೆಸರು, ಹಲವೊಮ್ಮೆ ಆರೈಕೆ ಮಾಡಿದ ದಾದಿಯರಿಗೆ ಸಲ್ಲಿಸಿದ ಕೃತಜ್ಞತೆ. ಬರೆದವರು ವರದಿಗಾರರಲ್ಲ, ಅಗಲಿದವರ ಆಪ್ತರೇ. ಹಾಗಾಗಿ ಪಕ್ಕಪಕ್ಕದ ಎರಡು ಬರಹಗಳ ಧಾಟಿಯೇ ಬೇರೆ, ಒಂದು ಬಿಕ್ಕುತ್ತಿದ್ದರೆ ಇನ್ನೊಂದು ನಗೆಚಾಟಿಕೆಯಲ್ಲಿ ಮುಗಿಯುತ್ತಿತ್ತು. ಕೆಲವು ವಾರ ಇಂಥವು ಮೂವತ್ತನ್ನೂ ದಾಟುತ್ತಿದ್ದವು. 1989ರ ನವೆಂಬರಿನಲ್ಲಿ ಪತ್ರಿಕೆ, ಹಿಂದಿನ ಒಂದು ವರ್ಷದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಭಾವಚಿತ್ರಗಳನ್ನು ಪುಟಪುಟಗಳ ತುಂಬ ಸಾಲಾಗಿ ಜೋಡಿಸಿ ಅಚ್ಚುಮಾಡಿತು.

1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಾಗಿ ಕೊಟ್ಟು ವೈರಾಣುವಿನ ವೃದ್ಧಿಯನ್ನು ತಡೆಯುವ ಸಂಯುಕ್ತ ಚಿಕಿತ್ಸೆ ಬಳಕೆಗೆ ಬಂದು ಸಾವಿನ ವೇಗ ತಗ್ಗಿತು. 1998ರ ಆಗಸ್ಟ್ 13ರ ಸಂಚಿಕೆಗೆ ಏಡ್ಸ್‌ನಿಂದಾದ ಸಾವಿನ ಒಂದೂ ವಾರ್ತೆ ಬಾರದೆ ಇದ್ದಾಗ, ‘ನಿಧನ ವಾರ್ತೆಗಳಿಲ್ಲ’ ಎಂಬರ್ಥದ ಎರಡೇ ಪದಗಳು ಮುಖಪುಟದಲ್ಲಿ ದಪ್ಪಕ್ಷರದ ಶೀರ್ಷಿಕೆಯಾದವು. ಸುದ್ದಿಯೊಂದು ಬಾರದೆ ಇದ್ದುದೇ ಸುದ್ದಿಯಾಗಿ ಜಗತ್ತಿನಾದ್ಯಂತ ಹಬ್ಬಿದ ಉದಾಹರಣೆಗಳು ಪತ್ರಿಕಾ ಇತಿಹಾಸದಲ್ಲಿ ವಿರಳ. ಕಾಯಿಲೆ ಅಲ್ಲಿಗೆ ಮುಗಿದಿರಲಿಲ್ಲ, ಔಷಧ ಎಲ್ಲರ ಕೈಗೆಟುಕಿಯೂ ಇರಲಿಲ್ಲ.

ಇದೇ ಪ್ರದೇಶದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ಲೈಂಗಿಕ ಅಲ್ಪಸಂಖ್ಯಾತರು 1986ರಲ್ಲಿ ‘ತ್ರಿಕೋಣ್’ ಎಂಬ ತಮ್ಮದೇ ಪತ್ರಿಕೆಯನ್ನು ಹೊರಡಿಸಿದ್ದನ್ನೂ, ನಾಲ್ಕು ವರ್ಷಗಳ ತರುವಾಯ ಅಶೋಕ್ ರಾವ್ ಕವಿ ಮುಂಬಯಿಯಲ್ಲಿ ‘ಬಾಂಬೆ ದೋಸ್ತ್’ ಆರಂಭಿಸಿದ್ದನ್ನೂ ಈ ಕಾಲಘಟ್ಟದ ಜೊತೆಗೇ ಇಟ್ಟು ನೋಡಬೇಕು.

ಬಾಬ್ ರಾಸ್ 2003ರಲ್ಲಿ ನಿಧನರಾದರು. ಜಪಾನಿ ಮೂಲದ ಮೈಕೆಲ್ ಯಮಾಶಿತಾ ನಂತರ ಪತ್ರಿಕೆಯ ಪ್ರಕಾಶಕರಾದರು. ಹಳೆಯ ನಿಧನ ವಾರ್ತೆಗಳನ್ನು ಹೆಸರು ಹಿಡಿದು ಹುಡುಕಬಲ್ಲ ಗಣಕ ಕೋಶವನ್ನು 2009ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಸೋದರಮಾವನ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲದ ಕುಟುಂಬದ ಹುಡುಗಿಗೂ ಸಂಶೋಧಕನಿಗೂ ಅದೀಗ ಸಮಾನ ಆಕರ. ಆದರೆ ನಾಲ್ಕು ಸಾಲು ಬರೆದು ಕಳುಹಿಸುವ ಗೆಳೆಯರೂ ಇಲ್ಲದೆ, ಅಥವಾ ಅಂಥ ಗೆಳೆಯರೆಲ್ಲ ಮೊದಲೇ ತೀರಿಹೋಗಿ, ಒಂಟಿಯಾಗಿ ಸತ್ತವರ ಹೆಸರು ಆ ಕೋಶದಲ್ಲಿಲ್ಲ.